ಗೆರೆಯಿಲ್ಲದ ಹಾಳೆಯಲ್ಲಿ ಸಾಲು ಜಾರದಂತೆ

ಮನೆಯಲ್ಲಿ ಮದುವೆಯೋ ಉಪನಯನವೋ ಗೊತ್ತಾದರೆ ಸಾಕು, ಪತ್ರಿಕೆಯ ಲಕೋಟೆಗಳ ಕಟ್ಟು ನನ್ನ ಮುಂದೆ ಬಂದು ಕೂರುತ್ತದೆ. "ಅಜ್ಜಿ ಅಕ್ಷರ ಮುತ್ತಿನ ಹಾಗಿದೆ" ಎಂದು ಹೊಗಳಿ ಕೆಲಸ ಹಚ್ಚುವ ಉಪಾಯ ಅದು, ನನಗೂ ಗೊತ್ತು. ಆದರೆ ಮುತ್ತು ಪೋಣಿಸಿದ ದಾರವೇ ಸೊಟ್ಟಗಿದ್ದರೆ ಏನು ಬಂತು? ಗೆರೆಯಿಲ್ಲದ ಕಾಗದದಲ್ಲಿ ಸಾಲು ಮೊದಲು ದಿಬ್ಬ ಹತ್ತಿ, ಕೊನೆಗೆ ಹಳ್ಳಕ್ಕೆ ಇಳಿಯುತ್ತದೆ. ಎಷ್ಟು ದುಂಡಗೆ ಬರೆದರೂ ಪೆಚ್ಚು ಪೆಚ್ಚಾಗಿ ಕಾಣುತ್ತದೆ.

ಹೀಗೆ ಹತ್ತಿ ಇಳಿಯುವುದು ಕಣ್ಣಿನ ತಪ್ಪಲ್ಲ, ಮೊಣಕೈಯದು. ಮೊಣಕೈಯನ್ನು ಮೇಜಿಗೆ ಊರಿಕೊಂಡು ಬರೆದರೆ ಕೈ ಕೈವಾರದ ಹಾಗೆ ಅಲ್ಲೇ ತಿರುಗುತ್ತದೆ, ಸಾಲೂ ಕಮಾನಿನಂತೆ ಬಾಗುತ್ತದೆ. ಎರಡು ಮೂರು ಪದಕ್ಕೊಮ್ಮೆ ಮುಂಗೈಯನ್ನು ಇಡಿಯಾಗಿ ಬಲಕ್ಕೆ ಸರಿಸಿ. ಹಾಗೆ ಸರಿಸಲು ಬೇಸರವಾದರೆ ಎಡಗೈಯಿಂದ ಕಾಗದವನ್ನೇ ಎಡಕ್ಕೆ ಎಳೆದುಕೊಳ್ಳಿ. ಇಷ್ಟಕ್ಕೇ ಅರ್ಧ ಸೊಟ್ಟ ಹೋಗುತ್ತದೆ.

ಉಳಿದರ್ಧ ನಮ್ಮ ಒತ್ತಕ್ಷರಗಳ ಕಿತಾಪತಿ. 'ಲಕ್ಷ್ಮೀ' ಎಂದು ಬರೆದು ನೋಡಿ. 'ಕ'ದ ಕೆಳಗೆ ಎರಡು ಒತ್ತು ಇಳಿಬೀಳುತ್ತವೆ. ಮುಂದಿನ ಸಾಲು ಬರೆಯುತ್ತಾ ಅದರ ಕೆಳಗೆ ಬಂದಾಗ ಕೈ ತನಗೇ ಗೊತ್ತಿಲ್ಲದೆ ತಗ್ಗುತ್ತದೆ. ಒಮ್ಮೆ ತಗ್ಗಿದ್ದು ಮತ್ತೆ ಮೇಲೇರುವುದಿಲ್ಲ, ಅದರ ಕೆಳಗಿನ ಸಾಲೂ ಅದನ್ನೇ ಹಿಂಬಾಲಿಸುತ್ತದೆ. 'ಶಾಸ್ತ್ರಿ', 'ರಾಷ್ಟ್ರ', 'ಸ್ವಾತಂತ್ರ್ಯ' ಎಲ್ಲ ಇದೇ ಜಾತಿ. ಹಾಗಾಗಿ ಒತ್ತನ್ನು ಅಕ್ಷರದ ಅರ್ಧದಷ್ಟು ಗಾತ್ರಕ್ಕೆ ಚಿಕ್ಕದು ಮಾಡಿ, ಎರಡನೆಯ ಒತ್ತನ್ನು ಕೆಳಕ್ಕೆ ನೇತು ಹಾಕದೆ ಪಕ್ಕಕ್ಕೆ ಸೇರಿಸಿ.

ಬರೆಯುವಾಗ ಅಕ್ಷರದ ಕಾಲು ನೋಡಬೇಡಿ, ತಲೆ ನೋಡಿ. ಇಂಗ್ಲಿಷಿನಲ್ಲಿ ಅಕ್ಷರಗಳು ಗೆರೆಯ ಮೇಲೆ ಕೂರುತ್ತವೆ, ಅಲ್ಲಿ ಕೆಳಗೆ ನೋಡುವುದು ಸರಿ. ನಮ್ಮಲ್ಲಿ ಕೆಳಗಡೆ ಒತ್ತುಗಳದೇ ಸಂತೆ. ತಲೆಕಟ್ಟುಗಳು ಒಂದೇ ನೇರಕ್ಕೆ ಬಂದರೆ ಇಡೀ ಸಾಲು ನೇರವಾಗಿ ಕಾಣುತ್ತದೆ. ಜ, ಟ, ಣ, ಬ, ಲ ಇವಕ್ಕೆ ತಲೆಕಟ್ಟಿಲ್ಲ; ಅವುಗಳ ನೆತ್ತಿಯನ್ನು ಪಕ್ಕದ ಅಕ್ಷರದ ತಲೆಕಟ್ಟಿನ ಮಟ್ಟಕ್ಕೆ ತಂದರಾಯಿತು.

ಪತ್ರ ಬರೆಯುವವರು ಒಂದು ಗೆರೆಹಾಳೆ ಮಾಡಿಟ್ಟುಕೊಳ್ಳಿ. ಎ-ಫೋರ್ ಹಾಳೆಯ ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಗೆರೆ ಎಳೆದು, ಬರೆಯುವ ಹಾಳೆಯ ಕೆಳಗಿಟ್ಟು, ಜಾರದಂತೆ ಎರಡು ಕ್ಲಿಪ್ ಹಾಕುವುದು. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಗೆರೆಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬಲ್ಲಿ ಎಲ್ಲರೂ ಎಡವುತ್ತಾರೆ. ನೋಟ್‌ಬುಕ್ಕಿನ 7–8 ಮಿಲಿಮೀಟರ್ ಅಂತರವನ್ನೇ ನಕಲು ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. 10 ಮಿಲಿಮೀಟರ್ ಬಿಡಿ. 297 ಮಿಲಿಮೀಟರ್ ಉದ್ದದ ಹಾಳೆಯಲ್ಲಿ ಮೇಲೆ ಕೆಳಗೆ ಅಂಚು ಬಿಟ್ಟರೂ 25 ಸಾಲು ಸಿಗುತ್ತದೆ, ಇನ್ನೇನು ಬೇಕು? ಎಡದಂಚಿಗೆ ಒಂದು ನಿಲುಗೆರೆಯನ್ನೂ ಎಳೆದಿಡಿ. ಇಲ್ಲದಿದ್ದರೆ ಸಾಲುಗಳು ಕೆಳಗೆ ಹೋದಂತೆಲ್ಲ ಬಲಕ್ಕೆ ಸರಿಯುತ್ತಾ ಹೋಗುತ್ತವೆ.

ಲಕೋಟೆ, ದಪ್ಪ ಕಾರ್ಡುಗಳಲ್ಲಿ ಗೆರೆಹಾಳೆ ಕಾಣಿಸುವುದಿಲ್ಲ. ಅದಕ್ಕೆ ನನ್ನ ಆಯುಧ ಶಾಯಿ ಮುಗಿದ ಬಾಲ್ ಪೆನ್ನು. ಸ್ಕೇಲ್ ಇಟ್ಟು ಅದರಿಂದ ಮೆಲ್ಲಗೆ ಒತ್ತಿ ಎಳೆದರೆ ಬಣ್ಣವಿಲ್ಲದ ಒಂದು ತಗ್ಗುಗೆರೆ ಮೂಡುತ್ತದೆ. ದೀಪವನ್ನು ಎಡಬದಿಗೆ, ತಗ್ಗಿನಲ್ಲಿ ಇಟ್ಟುಕೊಂಡರೆ ಬರೆಯುವವರಿಗೆ ಮಾತ್ರ ಕಾಣುತ್ತದೆ, ಪತ್ರಿಕೆ ಕೈಗೆತ್ತಿಕೊಂಡವರಿಗೆ ಕಾಣುವುದಿಲ್ಲ. ತೀರಾ ಒತ್ತಬೇಡಿ, ಶಾಯಿ ಆ ಕಾಲುವೆಯಲ್ಲಿ ಹರಿದೀತು.

ಮೊದಲೆಲ್ಲ ನಾನೂ ಪೆನ್ಸಿಲ್ ಗೆರೆಯನ್ನೇ ಎಳೆಯುತ್ತಿದ್ದೆ. ತಂಗಿಯ ಮದುವೆ ಇದ್ದದ್ದು ಆಷಾಢ ಮುಗಿದ ಕೂಡಲೆ. ಹೊರಗೆ ಜಡಿಮಳೆ, ಕಾಗದವೆಲ್ಲ ಥಂಡಿ ಹಿಡಿದು ಮೆತ್ತಗಾಗಿತ್ತು. ಶಾಯಿ ಒಣಗಿದೆ ಅಂದುಕೊಂಡು ರಬ್ಬರ್ ಉಜ್ಜಿದೆ. ದೊಡ್ಡ ಸೋದರಮಾವನ ಹೆಸರು ಎಳೆದುಕೊಂಡು ಹೋಗಿ ಊರಿನ ಹೆಸರಿಗೆ ಅಂಟಿತು. ಅವರಿಗೆ ಬೇರೆ ಪತ್ರಿಕೆ ಬರೆದು ಕೊಟ್ಟೆ ಅನ್ನಿ, ಆದರೆ ಹಾಳಾದದ್ದು ಯಾರದೋ ಕೈಗೆ ಸಿಕ್ಕಿ ಮದುವೆ ಮನೆಯಲ್ಲೆಲ್ಲ ಸುತ್ತಿತು. ಪೆನ್ಸಿಲ್ಲೇ ಬೇಕೆನ್ನುವವರು ಎಲ್ಲಾ ಲಕೋಟೆ ಬರೆದು ಮುಗಿಸಿ, ರಾತ್ರಿಯಿಡೀ ಹರಡಿಟ್ಟು, ಮಾರನೆಯ ದಿನ ಅಳಿಸಿ. ಜೆಲ್ ಪೆನ್ನಿನವರಿಗೆ ಈ ಮಾತು ಇನ್ನೂ ಮುಖ್ಯ.

ಹಾಳೆಯ ಕೊನೆಯ ನಾಲ್ಕು ಸಾಲು ಮಾತ್ರ ಏನೇ ಮಾಡಿದರೂ ಜಾರುತ್ತವೆ ಎನ್ನುವವರಿದ್ದಾರೆ. ಅಲ್ಲಿ ಕೈಗೆ ಊರಲು ಮೇಜೇ ಉಳಿದಿರುವುದಿಲ್ಲ, ಅಷ್ಟೆ. ಕೈಯನ್ನು ಕೆಳಗೆ ತರಬೇಡಿ, ಹಾಳೆಯನ್ನು ಮೇಲಕ್ಕೆ ತಳ್ಳುತ್ತಾ ಬನ್ನಿ. ಪರೀಕ್ಷೆ ಬರೆಯುವ ರಟ್ಟಿದ್ದರೆ ಹಾಳೆಯನ್ನು ಅದರ ಜೊತೆಗೇ ತಳ್ಳಬಹುದು.

ಗೆರೆಹಾಳೆಯನ್ನು ಮಾತ್ರ ಮಡಚಬೇಡಿ. ಮಡಿಕೆ ಬಿದ್ದಲ್ಲಿ ಮೇಲಿನ ಹಾಳೆ ಉಬ್ಬಿ ಪೆನ್ನು ತಡವರಿಸುತ್ತದೆ. ನನ್ನದು ಅಡುಗೆಮನೆಯ ಗೋಡೆ ಕ್ಯಾಲೆಂಡರಿನ ಹಿಂದೆ, ರಟ್ಟಿಗೆ ಸಿಕ್ಕಿಸಿಕೊಂಡು ಇರುತ್ತದೆ. ಡಿಸೆಂಬರ್ ಕೊನೆಯಲ್ಲಿ ಕ್ಯಾಲೆಂಡರ್ ಬದಲಾಯಿಸುವಾಗ ಅದನ್ನು ತೆಗೆದಿಟ್ಟುಕೊಳ್ಳಲು ಮಾತ್ರ ಪ್ರತಿವರ್ಷ ಮರೆಯುತ್ತೇನೆ.