ಮತ್ತೆ ಬೈಬಲ್ ಹಿಡಿಯುವವರು ಯಾವ ಅನುವಾದ ಕೊಳ್ಳಬೇಕು?

ಹತ್ತಿಪ್ಪತ್ತು ವರ್ಷ ಚರ್ಚಿನ ಕಡೆ ತಲೆ ಹಾಕದವರು ಮತ್ತೆ ಹೋಗೋಣ ಅಂದುಕೊಂಡಾಗ ಮೊದಲು ಮಾಡುವ ಕೆಲಸ ಬೈಬಲ್ ಹುಡುಕುವುದು. ಎಡವುವುದೂ ಅಲ್ಲೇ. ಕೆಲವರು ಅಜ್ಜಿಯ ಪ್ರತಿಯನ್ನೇ ತೆಗೆದು, ಮೂರನೇ ಪುಟಕ್ಕೆ ಸುಸ್ತಾಗಿ ಮುಚ್ಚಿಡುತ್ತಾರೆ. ಇನ್ನು ಕೆಲವರು ಜಿಪ್ ಕವರು, ಚಿನ್ನದ ಅಂಚು ನೋಡಿ ತರುತ್ತಾರೆ. ಒಳಗಿನ ಕನ್ನಡ ಹೇಗಿದೆ ಎಂದು ಗೊತ್ತಾಗುವುದು ಮನೆಗೆ ಬಂದ ಮೇಲೆ.

ಮೊದಲು ಚರ್ಚಿನಲ್ಲಿ ಕೇಳಿ. ಕಥೋಲಿಕ ಬೈಬಲಿನಲ್ಲಿ 73 ಪುಸ್ತಕ, ಪ್ರಾಟೆಸ್ಟಂಟರದ್ದರಲ್ಲಿ 66. ಬೆಂಗಳೂರಿನ ಶಿವಾಜಿನಗರದ ಕಥೋಲಿಕ ಬೆಸಿಲಿಕಾದಲ್ಲಿ ಪೂಜೆಗೆ ಹೋಗುವವರು 66ರದ್ದನ್ನು ಕೊಂಡರೆ, ಅದರಲ್ಲಿಲ್ಲದ ಮಕ್ಕಬಿಯರ ಪುಸ್ತಕದಿಂದ ವಾಚನ ಬಂದ ದಿನ ಪುಟ ಹುಡುಕುತ್ತಾ ಕೂರಬೇಕು. ಪ್ರಾಟೆಸ್ಟಂಟರ ಹಡ್ಸನ್ ಚರ್ಚಿನ ಆರಾಧನೆಗೆ ಹೋಗುವವರಿಗೆ ಆ ತೊಂದರೆ ಇಲ್ಲ. ಅಂಗಡಿಯಲ್ಲಿ ಪರಿವಿಡಿ ತೆರೆದು ಎಣಿಸಿ, ಸಾಕು.

ಹೆಸರುಗಳನ್ನು ತಿಳಿದುಕೊಳ್ಳಿ. ಬೈಬಲ್ ಸೊಸೈಟಿ ಪ್ರಕಟಿಸುವ 'ಸತ್ಯವೇದವು'ಗಳಲ್ಲಿ ಜೆ.ವಿ. ಎಂದು ಗುರುತಿಸುವುದು ಹಳೆಯ ಧಾಟಿಯದು. ಸಿ.ಎಲ್. (ಕಾಮನ್ ಲ್ಯಾಂಗ್ವೇಜ್) ಎಂದು ಗುರುತಿಸುವುದು ಆಡುಮಾತಿಗೆ ಹತ್ತಿರ. ಜೆ.ವಿ.ಯಲ್ಲಿ ಯೆಹೋವ ಎಂದಿರುವ ಕಡೆ ಸಿ.ಎಲ್.ನಲ್ಲಿ ಸರ್ವೇಶ್ವರ ಎಂದಿರುತ್ತದೆ. ಬೇರೆ ದೇವರೇನೋ ಎಂದು ಗಾಬರಿಯಾಗಬೇಡಿ. ಇವಲ್ಲದೆ ಈಸಿ ಟು ರೀಡ್, ಸಮಕಾಲಿಕ ಅನುವಾದ ಎಂದೂ ಇವೆ. 'ಹಳೆಯದೇ ನಿಜವಾದ ಬೈಬಲ್' ಎನ್ನುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಮೂಲ ಇರುವುದು ಹೀಬ್ರೂ, ಗ್ರೀಕ್‌ನಲ್ಲಿ, ಸ್ವಲ್ಪ ಭಾಗ ಅರಾಮಿಕ್‌ನಲ್ಲಿ. ಕನ್ನಡದಲ್ಲಿ ಪೂರ್ತಿ ಬೈಬಲ್ ಬಂದದ್ದು 1831ರಲ್ಲಿ, ಆಮೇಲೆ ಅದನ್ನೂ ಪರಿಷ್ಕರಿಸಿದ್ದಾರೆ. ಅಜ್ಜಿಯ ಪ್ರತಿಯೂ ಅನುವಾದವೇ ಅಲ್ವಾ?

ಈಗ ಓದಿ ನೋಡುವ ಹಂತ. ಎಲ್ಲರೂ ಕೆಡಿಸಿಕೊಳ್ಳುವುದು ಇದನ್ನೇ. ಅಂಗಡಿಯಲ್ಲಿ ನಿಂತು 23ನೇ ಕೀರ್ತನೆ ತೆಗೆಯುತ್ತಾರೆ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸಾಲು ಹಾಗೇ ಇದ್ದರೆ ಒಳ್ಳೆಯ ಅನುವಾದ, ಬೇರೆ ಇದ್ದರೆ ಕೆಟ್ಟದ್ದು! ನೀವು ಅಲ್ಲಿ ಓದುತ್ತಿಲ್ಲ, ನೆನಪಿಸಿಕೊಳ್ಳುತ್ತಿದ್ದೀರಿ. ಬಾಯಿಗೆ ಬರುವ ಭಾಗವನ್ನು ಪರೀಕ್ಷೆಗೆ ಇಡಲೇಬೇಡಿ.

ಬದಲಿಗೆ ಮೂರು ಭಾಗ ತೆಗೆದುಕೊಳ್ಳಿ. ಕಥೆಗೆ ಲೂಕ 15ರ ತಪ್ಪಿಹೋದ ಮಗ, 11ನೇ ವಚನದಿಂದ ಕೊನೆಯವರೆಗೆ. ಕಥೆ ಗೊತ್ತಿದ್ದರೂ ಅಣ್ಣ ಸಿಟ್ಟಾಗಿ ಮನೆಯೊಳಗೆ ಬರದೆ ನಿಲ್ಲುವ ಕೊನೆಯ ಭಾಗದ ಮಾತುಗಳು ಯಾರಿಗೂ ಬಾಯಿಪಾಠ ಇರುವುದಿಲ್ಲ. ವಾದಕ್ಕೆ ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯ, 14ರಿಂದ 25. ಮಾಡಬೇಕೆಂದಿರುವುದನ್ನು ಮಾಡುವುದಿಲ್ಲ, ಬೇಡದ್ದನ್ನೇ ಮಾಡುತ್ತೇನೆ ಎಂದು ಪೌಲ ಸುತ್ತಿ ಸುತ್ತಿ ಹೇಳುವ ಜಾಗ ಅದು. ಅನುವಾದ ಸೋಲುವುದಿದ್ದರೆ ಇಲ್ಲೇ ಸೋಲುತ್ತದೆ. ಮೂರನೆಯದು 88ನೇ ಕೀರ್ತನೆ. ಅದರ ಕತ್ತಲೆ ಕೊನೆಯ ಸಾಲಿನವರೆಗೂ ತಿಳಿಯಾಗುವುದಿಲ್ಲ.

ಮೂರನ್ನೂ ಗಟ್ಟಿಯಾಗಿ ಓದಿ. ಕಣ್ಣಲ್ಲಿ ಓದಿದರೆ ಅರ್ಥವಾಗದ ಪದವನ್ನು ಹಾರಿಸಿಬಿಡುತ್ತೇವೆ, ಬಾಯಿ ಹಾಗೆ ಬಿಡುವುದಿಲ್ಲ. ಎಲ್ಲಿ ತಡವರಿಸಿದಿರಿ, ಎಲ್ಲಿ ವಾಕ್ಯವನ್ನು ಮತ್ತೆ ಮೊದಲಿಂದ ಓದಿದಿರಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ರೋಮಾಪುರದ ಭಾಗ ಓದಿ ಪುಸ್ತಕ ಮುಚ್ಚಿ, ಪೌಲ ಹೇಳಿದ್ದೇನು ಎಂದು ಮನೆಯವರಿಗೆ ನಿಮ್ಮ ಮಾತಲ್ಲಿ ಹೇಳಿ. ಹೇಳಲು ಬಂದರೆ ಆ ಅನುವಾದ ನಿಮಗಾಯಿತು. ಎರಡು ಅನುವಾದ ಸಾಕು, ಜಾಸ್ತಿ ಬೇಡ. ಒಂದೇ ದಿನ ಎರಡನ್ನೂ ಓದಬೇಡಿ, ಮೊದಲು ಓದಿದ್ದು ಎರಡನೆಯದಕ್ಕೆ ದಾರಿ ಮಾಡಿಕೊಟ್ಟುಬಿಡುತ್ತದೆ.

ಇದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಯೂವರ್ಶನ್ ಎಂಬ ಬೈಬಲ್ ಆ್ಯಪಿನಲ್ಲಿ ಹಲವು ಕನ್ನಡ ಅನುವಾದಗಳು ಉಚಿತ. ಆದರೆ ದಿನಾ ಓದಲು ಮೊಬೈಲ್ ಬೇಡ. ನಡುವೆ ಒಂದು ವಾಟ್ಸ್ಆ್ಯಪ್ ಬಂದರೆ ಯೋಬನ ಗೋಳು ಅಲ್ಲಿಗೇ ನಿಂತಿತು.

ನನ್ನ ಸಲಹೆ ಕೇಳಿದರೆ, ಓದಲು ಸಿ.ಎಲ್. ಕೊಳ್ಳಿ, ಕೀರ್ತನೆಗಳಿಗೆ ಜೆ.ವಿ. ಇಟ್ಟುಕೊಳ್ಳಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಕನ್ನಡ ನಿಧಾನವಾದವರು ಪಕ್ಕದಲ್ಲಿ ಇಂಗ್ಲಿಷ್ ಅನುವಾದವಾದ ಎನ್‌ಐವಿ ಇಟ್ಟುಕೊಳ್ಳಬಹುದು. ಇಂಗ್ಲಿಷಿನ 'ದಿ ಮೆಸೇಜ್' ಒಂದನ್ನೇ ನೆಚ್ಚಬೇಡಿ. ಅದು ಯೂಜೀನ್ ಪೀಟರ್ಸನ್ ಒಬ್ಬರೇ ತಮ್ಮ ಮಾತಲ್ಲಿ ಬರೆದದ್ದು. ಜೊತೆಗೆ ಓದಲು ಚೆನ್ನಾಗಿದೆ ಅಷ್ಟೆ.

ಕೊಳ್ಳುವಾಗ. ಬೈಬಲ್ ಸೊಸೈಟಿಯ ಕೇಂದ್ರ ಕಚೇರಿ ನಮ್ಮ ಎಂ.ಜಿ. ರಸ್ತೆಯಲ್ಲೇ ಇದೆ. ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸಿದರೆ ಅಕ್ಷರದ ಗಾತ್ರ ಗೊತ್ತಾಗುವುದಿಲ್ಲ. ಪುಸ್ತಕ ಕೈಗೆ ತೆಗೆದುಕೊಂಡು ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿಯಿರಿ. ಹಿಂದಿನ ಪುಟದ ಅಕ್ಷರ ಕಣ್ಣಿಗೆ ರಾಚುವಂತಿದ್ದರೆ ಬಿಡಿ. ಆಮೇಲೆ ಮಾರ್ಕ 16ರ 9ನೇ ವಚನ ತೆರೆಯಿರಿ. ಅಲ್ಲಿಂದ 20ರವರೆಗಿನ ಭಾಗ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಅದನ್ನು ಅಡಿಟಿಪ್ಪಣಿಯಲ್ಲಿ ಹೇಳಿರುವ ಪ್ರತಿ ಓದುಗರಿಂದ ಏನೂ ಮುಚ್ಚಿಡುವುದಿಲ್ಲ ಎಂದು ನಂಬಬಹುದು. ಟಿಪ್ಪಣಿ ಇಲ್ಲದ ಅಗ್ಗದ ಪ್ರತಿಗಳನ್ನು ನಾನು ಸುಮ್ನೆ ಕೊಟ್ಟರೂ ತರುವುದಿಲ್ಲ.

ತಂದ ಮೇಲೆ ಆದಿಕಾಂಡದಿಂದ ಸಾಲಾಗಿ ಓದಲು ಹೊರಡಬೇಡಿ. ಯಾಜಕಕಾಂಡಕ್ಕೆ ಬರುವ ಹೊತ್ತಿಗೆ ಬಹಳ ಜನ ಕೈಬಿಟ್ಟಿರುತ್ತಾರೆ. ಮಾರ್ಕನಿಂದ ಶುರು ಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಬರೀ 16 ಅಧ್ಯಾಯ.