‘ಪಥೆಟೀಕ್’ ಸೊನಾಟಾವನ್ನು ಬೆಸುಗೆಗಳಿಂದ ಕಲಿತದ್ದು

‘ಮೂವ್‌ಮೆಂಟೇ ಕೈಗೆ ಬಂದಿಲ್ಲ, ಬೆಸೆಯುವುದು ಏನನ್ನು?’ ಎಂದು ಬೆಂಗಳೂರಿನ ಹಿರಿಯ ಪಿಯಾನೊ ಶಿಕ್ಷಕರೊಬ್ಬರು ಕೇಳಿದ್ದರು. ಬೀಥೋವನ್‌ನ ‘ಪಥೆಟೀಕ್’ ಪಿಯಾನೊ ಸೊನಾಟಾ, ಅಂದರೆ ಓಪಸ್ 13, ಅದನ್ನು ಮೂವ್‌ಮೆಂಟ್‌ಗಳು, ಅಂದರೆ ಅದರ ಮೂರು ಭಾಗಗಳು, ಸೇರುವ ಜಾಗಗಳಿಂದ ಕಲಿಯುತ್ತೇನೆ ಎಂದು ನಾನು ಹೇಳಿದ್ದಕ್ಕೆ ಬಂದ ಮಾತು ಅದು. ಈಗ ಮೂರನ್ನೂ ಒಂದೇ ಸಲ ಕೂತು ನುಡಿಸುತ್ತೇನೆ, 19 ನಿಮಿಷದ ಆಸುಪಾಸು. ಕಳೆದ ಚಳಿಗಾಲದಲ್ಲಿ ಮೈಸೂರಿನ ಗೆಳೆಯರೊಬ್ಬರ ಮನೆಯಲ್ಲಿ ನಲವತ್ತು ಜನರ ಮುಂದೆ ನುಡಿಸಿದಾಗ ನಡುವೆ ಒಂದು ಚಪ್ಪಾಳೆಯೂ ಬೀಳಲಿಲ್ಲ. ಮೂವ್‌ಮೆಂಟ್ ಮುಗಿದಾಗಲೆಲ್ಲ ಚಪ್ಪಾಳೆ ಬೀಳುವ ನಮ್ಮ ಕಡೆಯ ಪಿಯಾನೊ ಕಚೇರಿಗಳಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು.

ಮೊದಲು ನಾನೂ ಎಲ್ಲರೂ ಹಿಡಿಯುವ ದಾರಿಯನ್ನೇ ಹಿಡಿದಿದ್ದೆ. ಪರೀಕ್ಷೆಗೆಂದು ನಡುವಿನ ನಿಧಾನದ ಮೂವ್‌ಮೆಂಟ್ ಅಡಾಜಿಯೊ, ಆಮೇಲೆ ಮೆಟ್ರೊನೋಮ್ (ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ತಾಳ ಹಾಕುವ ಯಂತ್ರ) ಇಟ್ಟುಕೊಂಡು ಮೊದಲ ಮೂವ್‌ಮೆಂಟಿನ ವೇಗದ ಭಾಗವಾದ ಅಲ್ಲೆಗ್ರೊದ ವೇಗ ಏರಿಸುವುದು, ಕೊನೆಯ ಮೂವ್‌ಮೆಂಟ್ ರೊಂಡೊ ಮುಂದಿನ ವರ್ಷಕ್ಕೆ. ಹೀಗೆ ಎರಡು ಮೂರು ವರ್ಷ ಕಳೆದವು. ಅಲ್ಲೆಗ್ರೊದಲ್ಲಿ ಎಡಗೈ ಒಂದೇ ಸ್ವರದ ಮೇಲು-ಕೆಳ ಸ್ಥಾಯಿಗಳ ನಡುವೆ ವೇಗವಾಗಿ ಅಲುಗುವ ಆಕ್ಟೇವ್ ಟ್ರೆಮೊಲೊ ಮೆಟ್ರೊನೋಮ್‌ನಲ್ಲಿ 116 ದಾಟಿದರೆ ಮೊಣಕೈವರೆಗೂ ಮರಗಟ್ಟುತ್ತಿತ್ತು. ಫಿಸಿಯೊಥೆರಪಿಗೆ ಎಂಟೊಂಬತ್ತು ಸಾವಿರ ಸುರಿದೆ. ಒಂದೂಮುಕ್ಕಾಲು ಲಕ್ಷಕ್ಕೆ ಕೊಂಡಿದ್ದ ಹಳೆಯ ಅಪ್‌ರೈಟ್ ಪಿಯಾನೊದ ಸುತ್ತಿಗೆಗಳಿಗೆ ಹೊಸ ಫೆಲ್ಟ್ ಹಾಕಿಸಿ, ಕೀಗಳನ್ನು ಸರಿಪಡಿಸಲು ಇನ್ನೂ 28 ಸಾವಿರ. ಟ್ಯೂನರ್ ಬೆಂಗಳೂರಿನಿಂದ ಬರಬೇಕು. ಒಂದು ಸಲಕ್ಕೆ ನಾಲ್ಕು ಸಾವಿರ, ಪ್ರಯಾಣದ ಖರ್ಚು ಬೇರೆ. ಆಷಾಢದ ತೇವಕ್ಕೆ ಸೌಂಡ್‌ಬೋರ್ಡ್ ಉಬ್ಬಿ ಶ್ರುತಿ ಮತ್ತೆ ಏರುತ್ತದೆ. ಇಷ್ಟೆಲ್ಲ ಮಾಡಿದರೂ ಟ್ರೆಮೊಲೊ ಇದ್ದಲ್ಲೇ ಇತ್ತು. 1799ರಲ್ಲಿ ಇದು ಅಚ್ಚಾದಾಗ ವಿಯೆನ್ನಾದ ಪಿಯಾನೊಗಳ ಕೀಗಳು ಹಗುರವಾಗಿದ್ದವು, ಒತ್ತುವ ಆಳವೂ ಕಡಿಮೆ. ಇವತ್ತಿನ ಭಾರದ ಕೀಗಳ ಮೇಲೆ ತೋಳ್ಬಲ ನಡೆಯದು.

ಕೊನೆಗೆ ಎಲ್ಲವನ್ನೂ ಬದಿಗಿಟ್ಟು ಬೆಸುಗೆಗಳನ್ನು ಮಾತ್ರ ಹಿಡಿದೆ. ಪ್ರತಿಯೊಂದಕ್ಕೂ ಹಿಂದೆ ನಾಲ್ಕು ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ), ಮುಂದೆ ನಾಲ್ಕು ಬಾರ್. ಕೆಲವು ತಿಂಗಳು ಬೇರೇನನ್ನೂ ನುಡಿಸಲಿಲ್ಲ.

ಹೆಚ್ಚು ಕಲಿಸಿದ್ದು ಮೊದಲನೆಯ ಮೂವ್‌ಮೆಂಟಿನಿಂದ ಅಡಾಜಿಯೊಗೆ ಹೋಗುವ ಬೆಸುಗೆ. ಮೊದಲನೆಯದು ಸಿ ಮೈನರ್‌ನ ಗಡುಸು ಕಾರ್ಡ್‌ಗಳಲ್ಲಿ, ಅಂದರೆ ಒಟ್ಟಿಗೆ ಒತ್ತುವ ಸ್ವರಗುಚ್ಛಗಳಲ್ಲಿ, ಮುಗಿಯುತ್ತದೆ. ಅಡಾಜಿಯೊದ ಧಾಟಿ ಆರಂಭವಾಗುವುದೂ ನಡುವಿನ ಸಿ ಕೀಯಿಂದಲೇ, ಆದರೆ ಕೆಳಗೆ ಎ ಫ್ಲ್ಯಾಟ್ ಹೊಸ ಷಡ್ಜವಾಗಿ ಬಂದು ಕೂತಿರುತ್ತದೆ. ಅಷ್ಟು ಹೊತ್ತು ಷಡ್ಜವಾಗಿದ್ದ ಸ್ವರವೇ ಈಗ ಅಂತರ ಗಾಂಧಾರ. ಷಡ್ಜವನ್ನು ಬೇರೆ ಸ್ವರಕ್ಕೆ ಸರಿಸುವ ಗ್ರಹಭೇದ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆಯ ಕಾರ್ಡ್ ಬಿಟ್ಟ ಮೇಲೆ ನಾನು ಕೈಗಳನ್ನು ತೊಡೆಯ ಮೇಲೆ ಇಳಿಸುವುದಿಲ್ಲ. ಬೆರಳು ಆಗಲೇ ಆ ಸಿ ಕೀಯ ಮೇಲಿರುತ್ತದೆ, ಆ ಸ್ವರ ಮನಸ್ಸಿನೊಳಗೆ ಮೊಳಗುತ್ತಿರುತ್ತದೆ. ಕೈ ಇಳಿಯಿತೋ, ಚಪ್ಪಾಳೆ ಬಿತ್ತೆಂದೇ ಲೆಕ್ಕ.

ಅಡಾಜಿಯೊದಿಂದ ರೊಂಡೊಗೆ ಇರುವುದು ಅರ್ಧ ಸ್ವರದ ಇಳಿತ. ಎ ಫ್ಲ್ಯಾಟ್ ಕಾರ್ಡ್ ಮೆಲ್ಲಗೆ ಆರುತ್ತದೆ, ರೊಂಡೊದ ಮೊದಲ ಸ್ವರ ಜಿ. ಅಷ್ಟರಲ್ಲೇ ನೆಮ್ಮದಿ ಹೋಗಿ ಚಡಪಡಿಕೆ ಬಂದಿರುತ್ತದೆ. ರೊಂಡೊದ ಕಟ್ಟಕಡೆಗೆ ಎ ಫ್ಲ್ಯಾಟ್ ಮತ್ತೊಮ್ಮೆ ಮೃದುವಾಗಿ ತಲೆಹಾಕುತ್ತದೆ, ಮರುಕ್ಷಣವೇ ಮೇಲಿನಿಂದ ಕೆಳಕ್ಕೆ ಫೋರ್ಟಿಸ್ಸಿಮೊದ, ಅಂದರೆ ಬಹು ಜೋರಿನ, ಒಂದೇ ಓಟ. ಈ ಎರಡು ಜಾಗಗಳನ್ನು ಒಂದರ ಹಿಂದೆ ಒಂದು ನುಡಿಸಿ ನೋಡಿ, ರೊಂಡೊ ಇನ್ನೆಂದೂ ಹಗುರವಾದ ಕುಣಿತದ ಹಾಗೆ ಕೇಳಿಸದು.

ಮೊದಲ ಮೂವ್‌ಮೆಂಟಿನಲ್ಲಿ ಗ್ರಾವೆ ಎಂಬ ಗಂಭೀರವಾದ ನಿಧಾನದ ಭಾಗ ಮೂರು ಸಲ ಬರುತ್ತದೆ, ಆ ಮೂರನ್ನೂ ಬೆನ್ನುಬೆನ್ನಿಗೆ ನುಡಿಸಿ ಸಾಧಿಸಿದೆ. ಮೊದಲನೆಯದು ಹತ್ತು ಬಾರ್. ಎರಡನೆಯದು ಜಿ ಮೈನರ್‌ನಲ್ಲಿ ಹೊರಟು, ಮುಂದಿನ ಅಲ್ಲೆಗ್ರೊವನ್ನು ಯಾರೂ ನಿರೀಕ್ಷಿಸದ ಇ ಮೈನರ್‌ಗೆ ದಾಟಿಸುತ್ತದೆ. ಮೂರನೆಯದರಲ್ಲಿ ಬಾರ್‌ನ ಮೊದಲ ಪೆಟ್ಟಿಗೆ ಬೀಳಬೇಕಾದ ಆ ಗಟ್ಟಿ ಕಾರ್ಡೇ ಇಲ್ಲ, ಅಲ್ಲಿರುವುದು ವಿರಾಮ. ಆ ವಿರಾಮವನ್ನು ಪೂರ್ತಿ ಎಣಿಸದೆ ಮುಂದೆ ಹೋದರೆ ದುಃಖಕ್ಕೆ ಜಾಗವೇ ಉಳಿಯುವುದಿಲ್ಲ. ಗ್ರಾವೆಗೂ ಅಡಾಜಿಯೊಗೂ ನಾನು ಒಂದೇ ನಡೆ ಇಟ್ಟಿದ್ದೇನೆ, ಎರಡರಲ್ಲೂ ಕ್ವೇವರ್‌ಗೆ, ಅಂದರೆ ಅರ್ಧ ಪೆಟ್ಟಿನ ಸ್ವರಕ್ಕೆ, ಮೆಟ್ರೊನೋಮ್‌ನಲ್ಲಿ 58ರ ಹತ್ತಿರ. ಹಾಗೆಂದು ಸ್ವರಲಿಪಿಯಲ್ಲಿ ಎಲ್ಲೂ ಬರೆದಿಲ್ಲ, ಇದು ನನ್ನ ನಿರ್ಧಾರ. ಪುನರಾವರ್ತನೆಗೆ ಕೆಲವರು ಗ್ರಾವೆಗೇ ಹಿಂದಿರುಗುತ್ತಾರೆ. ನಾನು ಅಲ್ಲೆಗ್ರೊಗೆ ಹೋಗುತ್ತೇನೆ, ಗ್ರಾವೆಯ ತೂಕ ಎರಡನೆಯ ಸಲಕ್ಕೆ ಕಾದಿರಲಿ ಎಂದು.

ಟ್ರೆಮೊಲೊ ಬಿಡಿಸಿಕೊಂಡದ್ದೂ ಬೆಸುಗೆಯಿಂದಲೇ. ಗ್ರಾವೆಯ ಕೊನೆಯಲ್ಲಿ ಬಲಗೈ ಅರ್ಧ ಸ್ವರಗಳಲ್ಲಿ ಜಾರಿ ಬರುವಷ್ಟು ಹೊತ್ತು ಎಡತೋಳು ಸಡಿಲವಾಗಿರಬೇಕು, ಆ ಸಡಿಲದಲ್ಲೇ ಅಲ್ಲೆಗ್ರೊಗೆ ಇಳಿಯಬೇಕು. ಈಗ 132ರಲ್ಲಿ ಆರಾಮವಾಗಿ ಹೋಗುತ್ತದೆ, ನೋವಿಲ್ಲ. ಜೊತೆಗೆ ಕಿರುಬೆರಳಿನ ವಿಷಯದಲ್ಲಿ ಒಂದು ಉಪಾಯ ಇದೆ. ಅದು ನನ್ನ ಹತ್ತಿರ ಕಲಿಯಲು ಬರುವವರಿಗೆ ಮೀಸಲು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ: ಮೊಬೈಲ್‌ನಲ್ಲಿ ತಂಬೂರಿಯನ್ನು ಎ ಫ್ಲ್ಯಾಟ್‌ಗೆ ಇಟ್ಟು ಅಡಾಜಿಯೊ ನುಡಿಸಿದ್ದು. ಮೊದಲ ಎರಡು ಬಾರ್ ಸೊಗಸಾಗಿ ಹೋದವು. ಆಮೇಲೆ ಗಾಂಧಾರ ಕಿವಿಗೆ ಚುಚ್ಚತೊಡಗಿತು. ತಂಬೂರಿಯೊಳಗೆ ಹುಟ್ಟುವ ಸಹಜ ಗಾಂಧಾರಕ್ಕಿಂತ ಪಿಯಾನೊದ್ದು 14 ಸೆಂಟ್‌ನಷ್ಟು (ಅರ್ಧ ಸ್ವರದ ನೂರರಲ್ಲಿ 14 ಪಾಲು) ಮೇಲಿರುತ್ತದೆ. ಧಾಟಿ ಬೇರೆ ಶ್ರುತಿಗಳಿಗೆ ಹೊರಳಿದ ಮೇಲಂತೂ ಕೇಳುವಂತಿರಲಿಲ್ಲ. ಆದರೂ ವಾರವಿಡೀ ಮಾಡಿದೆ; ಧಾಟಿಯ ಕೆಳಗೆ ಹರಿಯುವ ಒಳಧ್ವನಿಯ ಸೆಮಿಕ್ವೇವರ್‌ಗಳನ್ನು (ಕ್ವೇವರ್‌ನ ಅರ್ಧದಷ್ಟು ಉದ್ದದ ಸ್ವರಗಳನ್ನು) ಎಷ್ಟು ತಗ್ಗಿಸಬೇಕೆಂದು ಅದರಿಂದಲೇ ಗೊತ್ತಾಯಿತು.

ಮೈಸೂರಿನಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ ಎಂದವರೂ ಇದ್ದರು. ರಷ್ಯದ ಸಂಗೀತ ರಚನಕಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟ, ತಾವೇ ಪಿಯಾನೊ ನುಡಿಸುತ್ತಿದ್ದ ಜಯಚಾಮರಾಜ ಒಡೆಯರ ಊರು ಇದು. ಕೇಳುವವರು ಇದ್ದಾರೆ, ಬಂದು ಕೂತರು.

ಈಗ ಓಪಸ್ 27ರ ಎರಡನೆಯದನ್ನು, ಸಿ ಶಾರ್ಪ್ ಮೈನರ್ ಸೊನಾಟಾವನ್ನು ಹೀಗೆಯೇ ಹಿಡಿದಿದ್ದೇನೆ. ಅಲ್ಲಿ ಮೊದಲ ಮೂವ್‌ಮೆಂಟಿನಿಂದ ಎರಡನೆಯದಕ್ಕೆ ನಿಲ್ಲದೆ ಹೋಗಬೇಕೆಂದು ಬೀಥೋವನ್ನನೇ ಬರೆದಿದ್ದಾನೆ. ಷಡ್ಜದ ಕೀ ಅದೇ, ಸಾಧಾರಣ ಗಾಂಧಾರ ಹೋಗಿ ಅಂತರ ಗಾಂಧಾರ ಬರುತ್ತದೆ. ಆ ಬೆಸುಗೆ ಆಗಲೇ ಕೂತಿದೆ. ಕೊನೆಯ ಅತಿವೇಗದ ಮೂವ್‌ಮೆಂಟಾದ ಪ್ರೆಸ್ಟೊಗೆ ಇಳಿಯುವುದು ಇನ್ನೂ ಒರಟಾಗಿದೆ. ಮಳೆ ನಿಂತು ಟ್ಯೂನರ್ ಬಂದು ಹೋದ ಮೇಲೆ ಅದನ್ನು ಕೈಗೆತ್ತಿಕೊಳ್ಳುತ್ತೇನೆ.