ನಾನು ಕಳಿಸದ ಸೊನ್ನೆ ಯುಎಸ್‌ಡಿಟಿ

ಬೇರೆ ಬೇರೆ ಊರಲ್ಲಿ ಕೂತು ಕೆಲಸ ಮಾಡುವ ಒಂದು ಚಿಕ್ಕ ತಂಡಕ್ಕೆ ದುಡ್ಡು ಕಳಿಸುವ ಜವಾಬ್ದಾರಿ ನನ್ನದು. ಕೊಡುವುದು ಯುಎಸ್‌ಡಿಟಿಯಲ್ಲಿ, ಅಂದರೆ ಒಂದಕ್ಕೆ ಒಂದು ಡಾಲರ್ ಲೆಕ್ಕದ ಡಿಜಿಟಲ್ ಟೋಕನ್‌ನಲ್ಲಿ, ಇಥೀರಿಯಂ ಅನ್ನುವ ಬ್ಲಾಕ್‌ಚೈನ್ ಮೇಲೆ. ತಿಂಗಳು ತಿಂಗಳೂ ಅದೇ ಜನ, ಅದೇ ಅಡ್ರೆಸ್‌ಗಳು. ಹಾಗಾಗಿ ವಾಲೆಟ್‌ನ ಹಿಸ್ಟರಿಯಲ್ಲಿ ಹೊಸದೇನಾದರೂ ಇದ್ದರೆ ಬೇಗ ಕಣ್ಣಿಗೆ ಬೀಳುತ್ತದೆ. ಒಂದು ಸಲ ಕಣ್ಣಿಗೆ ಬಿದ್ದದ್ದು ಇದು: ನಮ್ಮ ಡಿಸೈನರ್‌ಗೆ ದುಡ್ಡು ಹಾಕಿದ ಸಾಲಿನ ಮೇಲೆ ಇನ್ನೊಂದು ಸಾಲು. ಕಳಿಸಿದ್ದು ನನ್ನ ವಾಲೆಟ್‌ನಿಂದ. ಹೋಗಿದ್ದು ಅದೇ ಡಿಸೈನರ್‌ಗೆ ಅನ್ನುವ ಹಾಗಿದೆ. ಮೊತ್ತ ಮಾತ್ರ ಸೊನ್ನೆ.

ಯಾರಾದರೂ ಬೇಕಂತಲೇ ಸೊನ್ನೆ ಕಳಿಸುತ್ತಾರಾ? ವಾಲೆಟ್‌ನ ಕೀ, ಅಂದರೆ ಅದರಿಂದ ದುಡ್ಡು ಕಳಿಸಲು ಬೇಕಾದ ಗುಟ್ಟಿನ ಸಂಖ್ಯೆ, ಯಾರದೋ ಕೈಗೆ ಸಿಕ್ಕಿದೆ ಅನ್ನುವುದೇ ಮೊದಲು ಬಂದ ಗುಮಾನಿ. ಆದರೆ ಕೀ ಸಿಕ್ಕವನು ಸೊನ್ನೆ ಕಳಿಸಿ ಸುಮ್ಮನಿರುವುದಿಲ್ಲ, ಇದ್ದದ್ದನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ. ಇಥೀರಿಯಂ ವಹಿವಾಟುಗಳನ್ನೆಲ್ಲ ತೋರಿಸುವ ಈಥರ್‌ಸ್ಕ್ಯಾನ್ ವೆಬ್‌ಸೈಟ್‌ನಲ್ಲಿ ಆ ಟ್ರಾನ್ಸಾಕ್ಷನ್ ತೆರೆದೆ. ಅದನ್ನು ಶುರು ಮಾಡಿದ ಖಾತೆ ನನ್ನದಲ್ಲ, ಯಾವುದೋ ಅಪರಿಚಿತ ಅಡ್ರೆಸ್. ಗ್ಯಾಸ್, ಅಂದರೆ ವಹಿವಾಟಿನ ಶುಲ್ಕ, ಕಟ್ಟಿದ್ದೂ ಅದೇ. ನನ್ನ ಖಾತೆಯ ನಾನ್ಸ್, ಅಂದರೆ ನಾನು ಕಳಿಸಿದ ಟ್ರಾನ್ಸಾಕ್ಷನ್‌ಗಳ ಎಣಿಕೆ, ಇದ್ದಲ್ಲೇ ಇತ್ತು. ಕೆಳಗೆ ಸ್ಕ್ರೋಲ್ ಮಾಡಿದರೆ ಒಂದೇ ಟ್ರಾನ್ಸಾಕ್ಷನ್‌ನ ಒಳಗೆ ಸಾಲು ಸಾಲು ವರ್ಗಾವಣೆಗಳು. ಎಲ್ಲವೂ ಸೊನ್ನೆ, ಎಲ್ಲವೂ ಬೇರೆ ಬೇರೆ ಜನರ ವಾಲೆಟ್‌ನಿಂದ. ಆ ಗುಂಪಿನಲ್ಲಿ ನನ್ನದೂ ಒಂದು.

ಇದು ಹೇಗೆ ಸಾಧ್ಯ ಅಂದರೆ, ಟೋಕನ್‌ಗಳಲ್ಲಿ ಟ್ರಾನ್ಸ್‌ಫರ್‌ಫ್ರಮ್ ಅಂತ ಒಂದು ಫಂಕ್ಷನ್ ಇರುತ್ತದೆ. ಬೇರೆಯವರ ಖಾತೆಯಿಂದ ಟೋಕನ್ ತೆಗೆಯಲು ಬಳಸುವುದು. ಅವರು ಎಷ್ಟಕ್ಕೆ ಅನುಮತಿ ಕೊಟ್ಟಿದ್ದಾರೋ ಅಷ್ಟನ್ನೇ ತೆಗೆಯಬಹುದು. ನಾನು ಯಾರಿಗೂ ಅನುಮತಿ ಕೊಟ್ಟಿಲ್ಲ, ಅಂದರೆ ನನ್ನ ಮಿತಿ ಸೊನ್ನೆ. ಕೇಳಿದ್ದೂ ಸೊನ್ನೆ. ಲೆಕ್ಕ ಸರಿಯಾಯಿತು! ಕಾಂಟ್ರಾಕ್ಟ್, ಅಂದರೆ ಟೋಕನ್‌ನ ಲೆಕ್ಕ ನಡೆಸುವ ಪ್ರೋಗ್ರಾಂ, ತಕರಾರು ಮಾಡದೆ 'ಇವರಿಂದ ಇವರಿಗೆ ಸೊನ್ನೆ ಹೋಯಿತು' ಎಂದು ದಾಖಲೆ ಬರೆಯುತ್ತದೆ. ವಾಲೆಟ್ ಆ ದಾಖಲೆ ಓದಿ ನನ್ನ ಹಿಸ್ಟರಿಯಲ್ಲಿ ತೋರಿಸುತ್ತದೆ. ಟೋಕನ್ ನಿಜವಾದ ಯುಎಸ್‌ಡಿಟಿಯೇ, ಅದರಲ್ಲಿ ಮೋಸವಿಲ್ಲ. ಮೋಸ ಇರುವುದು ಯಾರಿಗೆ ಹೋಯಿತು ಅನ್ನುವಲ್ಲಿ. 2022ರ ಕೊನೆಯ ಹೊತ್ತಿಗೆ ಈ ಸೊನ್ನೆಯಾಟ ಜೋರಾಯಿತು. ಇದಕ್ಕೆ ಅಡ್ರೆಸ್ ಪಾಯಿಸನಿಂಗ್ ಅಂತಾರೆ. ಮುಂದಿನ ಸಲ ನಾನು ಹಿಸ್ಟರಿಯಿಂದ ಆ ನಕಲಿ ಅಡ್ರೆಸ್ಸನ್ನೇ ಕಾಪಿ ಮಾಡಿ ದುಡ್ಡು ಕಳಿಸಲಿ ಅನ್ನುವುದು ಕಳ್ಳನ ಲೆಕ್ಕಾಚಾರ.

ಡಿಸೈನರ್ ಅಡ್ರೆಸ್ಸನ್ನೂ ಆ ಸೊನ್ನೆ ಹೋದ ಅಡ್ರೆಸ್ಸನ್ನೂ ನೋಟ್‌ಪ್ಯಾಡ್‌ನಲ್ಲಿ ಒಂದರ ಕೆಳಗೆ ಒಂದು ಅಂಟಿಸಿ ನೋಡಿದೆ. ಶುರುವಿನ 0x ಬಿಟ್ಟರೆ ಮೊದಲ ನಾಲ್ಕು ಅಕ್ಷರ ಅವೇ. ಕೊನೆಯ ನಾಲ್ಕೂ ಅವೇ. ನಡುವೆ ಇರುವ 32 ಅಕ್ಷರ ಒಂದಕ್ಕೊಂದು ಸಂಬಂಧವೇ ಇಲ್ಲ. ವಾಲೆಟ್ ಆ್ಯಪ್‌ಗಳು ಜಾಗ ಉಳಿಸಲು ತೋರಿಸುವುದು ಸರಿಯಾಗಿ ಆ ಹಿಂದು ಮುಂದಿನ ಅಕ್ಷರಗಳನ್ನೇ, ನಡುವೆ ಮೂರು ಚುಕ್ಕಿ. ಟೋಪಿ, ಚಪ್ಪಲಿ ಎರಡನ್ನೇ ನೋಡಿ ಆಳನ್ನು ಗುರುತಿಸಿದ ಹಾಗೆ.

ಹಾಗೆ ಹೊಂದುವ ಅಡ್ರೆಸ್ ಹುಟ್ಟಿಸುವುದು ಎಷ್ಟು ಕಷ್ಟ? ಅಡ್ರೆಸ್ ಹುಟ್ಟುವುದು ಕೀಯಿಂದ. ಒಂದೊಂದು ಜಾಗಕ್ಕೆ 16 ಆಯ್ಕೆ: ಹತ್ತು ಅಂಕಿ, ಎ ಇಂದ ಎಫ್‌ವರೆಗೆ ಆರು ಅಕ್ಷರ. ಎಂಟು ಜಾಗ ಹೊಂದಬೇಕಾದರೆ ಸರಾಸರಿ 429 ಕೋಟಿ ಸಲ ಹೊಸ ಕೀ ಮಾಡಿ ನೋಡಬೇಕು. ಕೇಳಲು ದೊಡ್ಡ ಲೆಕ್ಕ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಇದು ನಿಮಿಷಗಳ ಕೆಲಸ. ಆದರೆ 40 ಅಕ್ಷರವೂ ಹೊಂದಬೇಕೆಂದರೆ ಆ ಸಂಖ್ಯೆಗೆ 49 ಅಂಕಿ ಬೇಕು, ಅದು ಯಾರಿಂದಲೂ ಆಗದ ಮಾತು. ನಾನು ನಡುವಿನ ಆರು ಅಕ್ಷರ ಜಾಸ್ತಿ ನೋಡಿದರೆ ಕಳ್ಳನ ಕೆಲಸ 1.68 ಕೋಟಿ ಪಟ್ಟು ಹೆಚ್ಚುತ್ತದೆ. ಯಾವ ಆರು ಅಂತ ಅವನಿಗೆ ಗೊತ್ತೂ ಇರುವುದಿಲ್ಲ. ನನ್ನ ಪಾಲಿಗೆ ಹತ್ತು ಸೆಕೆಂಡ್. ಇಷ್ಟು ಅಗ್ಗದ ಕಾವಲು ಬೇರೆ ಯಾವುದಿದೆ ಹೇಳಿ?

ಚೆಕ್‌ಸಮ್ ಇದೆಯಲ್ಲ, ಅದು ಹಿಡಿಯಲ್ವಾ ಅಂತ ಒಬ್ಬರು ಕೇಳಿದರು. ಅಡ್ರೆಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೆರೆತಿರುವುದು ಅದಕ್ಕೇ. ಆದರೆ ಅದು ಹಿಡಿಯುವುದು ಟೈಪ್ ಮಾಡುವಾಗಿನ ತಪ್ಪನ್ನು. ನಕಲಿ ಅಡ್ರೆಸ್ ಕೂಡ ಸರಿಯಾದ ಅಡ್ರೆಸ್ಸೇ, ಅದಕ್ಕೂ ಅದರದ್ದೇ ಚೆಕ್‌ಸಮ್ ಇರುತ್ತದೆ. ಒಂದು ಪ್ರಯೋಜನ ಉಂಟು: ನನ್ನ ಪ್ರಕರಣದಲ್ಲಿ ಅಸಲಿಯ ಕೊನೆಯಲ್ಲಿ ದೊಡ್ಡ ಎಫ್, ನಕಲಿಯಲ್ಲಿ ಸಣ್ಣ ಎಫ್. ಗೊತ್ತಿದ್ದು ನೋಡಿದರೆ ಕಾಣುತ್ತದೆ. ಆದರೆ ಎಲ್ಲ ಕಳ್ಳರೂ ಇಷ್ಟು ಸೋಮಾರಿಗಳಲ್ಲ.

ಸೊನ್ನೆಯಷ್ಟೇ ಅಲ್ಲ, ಇನ್ನೆರಡು ಬಗೆಯನ್ನೂ ಅದೇ ವಾಲೆಟ್‌ನಲ್ಲಿ ನೋಡಿದ್ದೇನೆ. ನಕಲಿ ಅಡ್ರೆಸ್‌ನಿಂದ ಚಿಲ್ಲರೆ ಯುಎಸ್‌ಡಿಟಿ ನಿಜವಾಗಿಯೂ ಬರುವುದು ಒಂದು. ಇನ್ನೊಂದು ಇನ್ನೂ ಚಾಲಾಕಿ. ಕಳ್ಳ ತನ್ನದೇ ಟೋಕನ್ ಮಾಡಿ ಅದಕ್ಕೂ ಯುಎಸ್‌ಡಿಟಿ ಅಂತಲೇ ಹೆಸರಿಡುತ್ತಾನೆ. ತನ್ನ ಕಾಂಟ್ರಾಕ್ಟ್ ಆದ್ದರಿಂದ ಅದು ಏನು ಬೇಕಾದರೂ ದಾಖಲೆ ಬರೆಯಬಹುದು. ಹಾಗಾಗಿ ನಾನು ಈಗಷ್ಟೇ ಕಳಿಸಿದ ಮೊತ್ತವನ್ನೇ ನಾನು ಮತ್ತೊಮ್ಮೆ ಕಳಿಸಿದ ಹಾಗೆ ಸಾಲು ಮೂಡುತ್ತದೆ. ಈಥರ್‌ಸ್ಕ್ಯಾನ್ 2023ರ ಏಪ್ರಿಲ್‌ನಲ್ಲಿ ಸೊನ್ನೆ ವರ್ಗಾವಣೆಗಳನ್ನು ತಾನಾಗಿಯೇ ಮರೆ ಮಾಡಲು ಶುರು ಮಾಡಿತು, ಒಳ್ಳೆಯದೇ. ಈ ನಕಲಿ ಟೋಕನ್‌ಗೆ ಆ ಜರಡಿ ಸಾಲದು. ಟೋಕನ್‌ನ ಹೆಸರು ಒತ್ತಿ ಕಾಂಟ್ರಾಕ್ಟ್ ಅಡ್ರೆಸ್ ನೋಡಿದರೆ ಮಾತ್ರ ಬಣ್ಣ ಬಯಲಾಗುತ್ತದೆ.

ಇದೆಲ್ಲ ನೋಡಿದ ಮೇಲೆ ನಾನು ಬದಲಿಸಿಕೊಂಡದ್ದು ಒಂದೇ ವಿಷಯ. ಹಿಸ್ಟರಿ ನನ್ನ ಲೆಕ್ಕದ ಪುಸ್ತಕ ಅಂತ ತಿಳಿಯುವುದನ್ನು ಬಿಟ್ಟೆ. ಅದರಲ್ಲಿ ಯಾರು ಬೇಕಾದರೂ ಬಂದು ಗೀಚಿ ಹೋಗಬಹುದು. ಹಾಗಾದರೆ ಅಲ್ಲಿಂದ ಅಡ್ರೆಸ್ ಕಾಪಿ ಮಾಡುವುದು ಹೇಗೆ?

ಈಗ ಅಡ್ರೆಸ್‌ಗಳೆಲ್ಲ ವಾಲೆಟ್‌ನ ಅಡ್ರೆಸ್ ಬುಕ್‌ನಲ್ಲಿ ಹೆಸರಿನ ಜೊತೆ ಇವೆ. ಕಳಿಸುವುದು ಅಲ್ಲಿಂದ ಹೆಸರು ಆರಿಸಿ ಮಾತ್ರ. ಹೊಸಬರನ್ನು ಸೇರಿಸುವಾಗ ಅವರು ಮೆಸೇಜ್‌ನಲ್ಲಿ ಅಡ್ರೆಸ್ ಕಳಿಸುತ್ತಾರೆ, ಆಮೇಲೆ ನಾನೇ ಫೋನ್ ಮಾಡಿ ನಡುವಿನ ಅಕ್ಷರಗಳನ್ನು ಓದಿಸುತ್ತೇನೆ. 'ಇಷ್ಟೆಲ್ಲ ಬೇಕಾ?' ಅಂತ ನಗುವವರೇ ಜಾಸ್ತಿ. ನಗಲಿ. ಕಾಪಿ ಮಾಡಿದ ಅಡ್ರೆಸ್ಸನ್ನು ಅಂಟಿಸುವಾಗ ಬದಲಿಸಿಬಿಡುವ ವೈರಸ್‌ಗಳೂ ಇವೆ. ಅದಕ್ಕೇ ಹೋಲಿಸಿ ನೋಡುವುದು ಕಂಪ್ಯೂಟರ್ ಪರದೆಯಲ್ಲಿ ಅಲ್ಲ, ಹಾರ್ಡ್‌ವೇರ್ ವಾಲೆಟ್‌ನ, ಅಂದರೆ ಕೀ ಇಟ್ಟುಕೊಳ್ಳುವ ಪ್ರತ್ಯೇಕ ಸಾಧನದ, ಪುಟ್ಟ ಪರದೆಯಲ್ಲಿ. ಅದು ಅಡ್ರೆಸ್ಸನ್ನು ಪೂರ್ತಿ ತೋರಿಸುತ್ತದೆ. ಬಟನ್ ಒತ್ತುವ ಮುನ್ನ ಕೊನೆಯ ಸಲ ಓದುವುದು ಅಲ್ಲೇ.

ಸ್ವಲ್ಪ ಜಾಗ್ರತೆ ಇರುವವರೂ ಎಡವುವುದು ಟೆಸ್ಟ್ ಕಳಿಸುವಲ್ಲಿ. ದೊಡ್ಡ ಮೊತ್ತಕ್ಕೆ ಮುಂಚೆ ಚೂರು ಕಳಿಸಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತೇ. ಆದರೆ ಕಳ್ಳರ ಬಾಟ್‌ಗಳು ಹೊಂಚು ಹಾಕಿ ಕೂತಿರುವುದೂ ಆ ಚೂರಿಗಾಗಿಯೇ. ಟೆಸ್ಟ್ ಹೋದ ಕೆಲವೇ ನಿಮಿಷಗಳಲ್ಲಿ ಅದರ ಮೇಲೆ ನಕಲಿ ಸಾಲು ಬಂದು ಕೂರುತ್ತದೆ. ಟೆಸ್ಟ್ ತಲುಪಿತು ಅಂತ ನಿಶ್ಚಿಂತೆಯಿಂದ ಹಿಸ್ಟರಿಗೆ ಹೋಗಿ, ಮೇಲಿನ ಸಾಲಿನಿಂದ ಕಾಪಿ ಮಾಡಿದರೆ ಮುಗಿಯಿತು. 2025ರ ಡಿಸೆಂಬರ್‌ನಲ್ಲಿ ಒಬ್ಬರಿಗೆ ಹೀಗೇ ಆಯಿತು. ಮೊದಲು 50 ಯುಎಸ್‌ಡಿಟಿ ಟೆಸ್ಟ್ ಕಳಿಸಿದರು, ಅದು ಸರಿಯಾದ ಜಾಗಕ್ಕೇ ಹೋಯಿತು. ಆಮೇಲೆ ಕಳಿಸಿದ ಹತ್ತಿರ ಹತ್ತಿರ 5 ಕೋಟಿ ಯುಎಸ್‌ಡಿಟಿ ನಕಲಿ ಅಡ್ರೆಸ್‌ಗೆ ಹೋಯಿತು. ನಾನೂ ಟೆಸ್ಟ್ ಕಳಿಸುತ್ತೇನೆ. ತಲುಪಿತು ಅಂತ ಅವರ ಬಾಯಿಂದ ಕೇಳಿದ ಮೇಲೆ ಮತ್ತೆ ಅಡ್ರೆಸ್ ಬುಕ್‌ಗೇ ಹೋಗುತ್ತೇನೆ, ಹಿಸ್ಟರಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಕೇಳದೆ ಬಂದು ಬೀಳುವ ಟೋಕನ್‌ಗಳ ಬಗ್ಗೆ ಒಂದು ಮಾತು. ಹೆಸರಿನಲ್ಲೇ ಯಾವುದೋ ವೆಬ್‌ಸೈಟ್ ವಿಳಾಸ ಇರುತ್ತದೆ, ಬಂದು ಬಹುಮಾನ ತಗೊಳ್ಳಿ ಅನ್ನುತ್ತದೆ. ಹೋದರೆ ಅಲ್ಲಿ ಕೇಳುವುದು ಅಪ್ರೂವಲ್, ಅಂದರೆ ಮೇಲೆ ಹೇಳಿದ ಆ ಮಿತಿಯನ್ನು ಸೊನ್ನೆಯಿಂದ ಏರಿಸಲು ನನ್ನ ಸಹಿ. ಆಮೇಲೆ ಅದೇ ಫಂಕ್ಷನ್ ನಿಜವಾದ ದುಡ್ಡನ್ನೇ ತೆಗೆಯುತ್ತದೆ. ಇಂಥ ಟೋಕನ್‌ಗಳನ್ನು ನಾನು ಮಾರಲೂ ಹೋಗುವುದಿಲ್ಲ, ಮರೆ ಮಾಡಿ ಸುಮ್ನೆ ಬಿಡುತ್ತೇನೆ. ಹಳೆಯ ಅಪ್ರೂವಲ್‌ಗಳನ್ನು ಆಗಾಗ ನೋಡಿ, ಬೇಡದ್ದನ್ನು ರದ್ದು ಮಾಡುತ್ತೇನೆ.

ತಪ್ಪು ಅಡ್ರೆಸ್‌ಗೆ ಹೋದ ದುಡ್ಡು ವಾಪಸ್ ಬರುತ್ತಾ ಅಂತ ಜನ ಕೇಳುತ್ತಾರೆ. ಬಂದ ಉದಾಹರಣೆ ಇದೆ. 2024ರ ಮೇ ತಿಂಗಳಲ್ಲಿ ಒಬ್ಬರು 1,155 ಡಬ್ಲ್ಯುಬಿಟಿಸಿ (ಬಿಟ್‌ಕಾಯಿನ್ ಬೆಲೆಗೆ ಕಟ್ಟಿದ ಟೋಕನ್) ಕಳೆದುಕೊಂಡಿದ್ದರು, ಆಗಿನ ಬೆಲೆ ಸುಮಾರು 6.8 ಕೋಟಿ ಡಾಲರ್. ಮಾತುಕತೆಯ ನಂತರ ಕಳ್ಳನೇ ಬಹುಪಾಲು ಹಿಂದಿರುಗಿಸಿದ. ಇದನ್ನು ನಂಬಿಕೊಂಡು ಕೂರಲು ಆಗುವುದಿಲ್ಲ. ಯುಎಸ್‌ಡಿಟಿಯಾದರೆ ಅದನ್ನು ಹೊರಡಿಸುವ ಟೆದರ್ ಕಂಪನಿ ಒಂದು ಅಡ್ರೆಸ್ಸನ್ನು ಫ್ರೀಜ್ ಮಾಡಬಲ್ಲದು, ಹಾಗಾಗಿ ದೂರು ಕೊಡುವುದಿದ್ದರೆ ಒಂದು ಗಳಿಗೆಯೂ ತಡ ಮಾಡಬಾರದು. ಕಳ್ಳರಿಗೂ ಇದು ಗೊತ್ತು, ಕೈಗೆ ಬಂದ ಕೂಡಲೇ ಫ್ರೀಜ್ ಆಗದ ಡಾಯ್, ಈಥರ್‌ನಂಥ ಬೇರೆ ಕ್ರಿಪ್ಟೋಗೆ ಬದಲಿಸಿಬಿಡುತ್ತಾರೆ. ಆ ಗಡಿಬಿಡಿಯಲ್ಲೇ 'ನಾವು ವಾಪಸ್ ತಂದು ಕೊಡುತ್ತೇವೆ' ಅಂತ ಮೆಸೇಜ್ ಮಾಡುವವರು ಬರುತ್ತಾರೆ. ಮುಂಗಡ ಕೇಳುತ್ತಾರೆ, ಇಲ್ಲವೇ ಸೀಡ್ ಫ್ರೇಸ್, ಅಂದರೆ ಇಡೀ ವಾಲೆಟ್ಟನ್ನೇ ತೆರೆಯುವ ಗುಟ್ಟಿನ ಪದಗಳನ್ನು, ಕೇಳುತ್ತಾರೆ. ಅವರು ಎರಡನೇ ಸಲ ದೋಚಲು ಬಂದವರು.